ಕೊನೆಯ ಸೀಟಿಯ ಆಮೇಲೆ

ಕೇಳುಗರಿಗೆಲ್ಲ ನಮಸ್ಕಾರ.

2006ರ ಜೂನ್ 30, ಬರ್ಲಿನ್. ಫುಟ್‌ಬಾಲ್ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್. ಜರ್ಮನಿ–ಅರ್ಜೆಂಟೀನಾ 1-1ಕ್ಕೆ ನಿಂತು, ಪೆನಾಲ್ಟಿ ಶೂಟೌಟ್‌ನಲ್ಲಿ ಜರ್ಮನಿ 4-2ರಿಂದ ಗೆದ್ದಿತು. ಆಟ ಮುಗಿಯಿತು, ಜಗಳ ಶುರುವಾಯಿತು. ಆ ನೂಕುನುಗ್ಗಲಿನಲ್ಲಿ ಅರ್ಜೆಂಟೀನಾದ ಲಿಯಾಂಡ್ರೊ ಕುಫ್ರೆ ಜರ್ಮನಿಯ ಮೆರ್ಟೆಸಾಕರ್‌ಗೆ ಒದ್ದ. ರೆಫ್ರಿ ಲುಬೊಶ್ ಮಿಖೆಲ್ ರೆಡ್ ಕಾರ್ಡ್ ಎತ್ತಿದರು. ತಮಾಷೆಯೆಂದರೆ ಕುಫ್ರೆ ಅಂದು ಒಂದು ನಿಮಿಷವೂ ಆಡಿರಲಿಲ್ಲ. ಬೆಂಚಿನಲ್ಲಿ ಕೂತಿದ್ದ ಬದಲಿ ಆಟಗಾರ.

ಮ್ಯಾಚೇ ಮುಗಿದ ಮೇಲೆ ಕಾರ್ಡು ಯಾವ ಲೆಕ್ಕಕ್ಕೆ? ನೋಡುವವರು ಕೇಳುವ ಪ್ರಶ್ನೆ ಇದು. ಉತ್ತರ ಆಟದ ಐದನೇ ನಿಯಮದಲ್ಲಿದೆ. ಮ್ಯಾಚಿಗೆ ಮೊದಲು ಮೈದಾನ ಪರೀಕ್ಷಿಸಲು ಒಳಗೆ ಕಾಲಿಟ್ಟಲ್ಲಿಂದ ಹಿಡಿದು, ಎಲ್ಲ ಮುಗಿಸಿ ಗೆರೆ ದಾಟಿ ಹೊರಗೆ ಬರುವವರೆಗೆ ಶಿಸ್ತುಕ್ರಮದ ಅಧಿಕಾರ ರೆಫ್ರಿಯದೇ. ಆಮೇಲೆ ನಡೆದದ್ದಕ್ಕೆ ಕಾರ್ಡಿಲ್ಲ. ಕಂಡದ್ದನ್ನು ವರದಿಯಲ್ಲಿ ಬರೆಯಬೇಕು, ಶಿಕ್ಷೆ ಶಿಸ್ತು ಸಮಿತಿಗೆ ಬಿಟ್ಟದ್ದು.

ಆದರೆ ಈ ಹೊತ್ತಿನ ಕಾರ್ಡಿನ ತೂಕವೇ ಬೇರೆ. ಆಟದ ನಡುವೆ ಕೆಂಪು ಬಂದರೆ ತಂಡ ಹತ್ತು ಜನರಿಗೆ ಇಳಿಯುತ್ತದೆ. ಮುಗಿದ ಮೇಲೆ ಬಂದರೆ ಅಂದಿನ ಫಲಿತಾಂಶ ಕೂದಲೆಳೆಯಷ್ಟೂ ಅಲುಗುವುದಿಲ್ಲ, ಭಾರವೆಲ್ಲ ಮುಂದಿನ ಮ್ಯಾಚಿನ ಮೇಲೆ. ಅದೇ ಬರ್ಲಿನ್ ಗಲಾಟೆಯಲ್ಲಿ ಜರ್ಮನಿಯ ಟಾರ್ಸ್ಟನ್ ಫ್ರಿಂಗ್ಸ್ ಎದುರಾಳಿಗೆ ಹೊಡೆಯಲು ಕೈ ಬೀಸಿದ್ದು ಟಿವಿ ದೃಶ್ಯದಲ್ಲಿ ಸಿಕ್ಕಿತು. ಮೈದಾನದಲ್ಲಿ ಅವನಿಗೆ ಕಾರ್ಡು ಬಿದ್ದಿರಲಿಲ್ಲ, ಫೀಫಾ ಆಮೇಲೆ ನಿಷೇಧ ಹೇರಿತು. ಜುಲೈ 4ರ ಸೆಮಿಫೈನಲ್‌ಗೆ ಅವನಿಲ್ಲ. ಇಟಲಿ 2-0ಯಿಂದ ಗೆದ್ದಿತು. ಅವನಿದ್ದಿದ್ದರೆ ಏನಾಗುತ್ತಿತ್ತೋ, ಜರ್ಮನ್ನರು ಮಾತಾಡಿಕೊಳ್ಳಲಿ. 2022ರಲ್ಲಿ ಕತಾರಿನ ಲುಸೈಲ್‌ನಲ್ಲಿ ನೆದರ್ಲೆಂಡ್ಸಿನ ಡುಂಫ್ರೀಸ್‌ಗೂ ಶೂಟೌಟ್ ಮುಗಿದ ಮೇಲೆಯೇ ಎರಡನೇ ಹಳದಿ, ಅಂದರೆ ಕೆಂಪು, ಬಿತ್ತು. ಎದುರಾಳಿ ಆಗಲೂ ಅರ್ಜೆಂಟೀನಾ!

ಒದೆ, ಉಗುಳು, ಗುದ್ದು — ಇವು ಕಣ್ಣಿಗೆ ಬಿದ್ದರೆ ಯೋಚನೆಗೆ ಜಾಗವಿಲ್ಲ, ಕೆಂಪೇ. ರೆಫ್ರಿಯ ವಿವೇಚನೆ ಕೆಲಸಕ್ಕೆ ಬರುವುದು ಬಾಯಿಮಾತಿನಲ್ಲಿ. ಸೋತ ಹುಡುಗ ಏನೋ ಅಂದ. ಅದು ಹೊಟ್ಟೆಯುರಿಯೋ, ಅವಮಾನವೋ? ಹಿರಿಯ ರೆಫ್ರಿಗಳು ನಮಗೆ ಹೇಳುತ್ತಿದ್ದುದು ಇಷ್ಟೆ: ಸೀಟಿ ಊದಿದ ಮೇಲೆ ಓಡಬೇಡ, ಗುಂಪಿನೊಳಗೂ ನುಗ್ಗಬೇಡ. ಚೆಂಡು ಕೈಗೆ ತಗೊಂಡು ಮಧ್ಯದಲ್ಲಿ ನಿಲ್ಲು, ಲೈನ್ಸ್‌ಮನ್‌ಗಳು ಬರಲಿ.

ಹಾಗೆಯೇ ನಿಂತಿದ್ದೆ, ಒಂದು ಸಣ್ಣ ಲೀಗ್ ಮ್ಯಾಚಿನಲ್ಲಿ. ಕೊನೆಯ ನಿಮಿಷದ ಪೆನಾಲ್ಟಿ ಮನವಿಗೆ ನಾನು ತಲೆಯಾಡಿಸಿರಲಿಲ್ಲ. ಹದಿನೇಳು ಹದಿನೆಂಟರ ಹುಡುಗ ನೇರ ನನ್ನತ್ತ ಬಂದು, ದಾರಿಯಲ್ಲಿದ್ದ ನೀರಿನ ಬಾಟಲಿಗೆ ಒದ್ದ. ನೀರು ನನ್ನ ಸಾಕ್ಸಿಗೆ ಸಿಡಿಯಿತು. "ಕಣ್ಣು ಕಾಣ್ಸುತ್ತಾ ಸಾರ್ ನಿಮಗೆ?" ಕೈ ಜೇಬಿಗೆ ಹೋಯಿತು, ಕಾರ್ಡಿನ ಅಂಚು ಬೆರಳಿಗೆ ತಾಗಿತು. ಇನ್ನೊಂದು ಹಳದಿ ಬಿದ್ದರೆ ಅವನಿಗೆ ಮುಂದಿನ ಮ್ಯಾಚಿಲ್ಲ, ಅದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಅವರ ಕ್ಯಾಪ್ಟನ್ ಬಂದು ಹುಡುಗನ ಕತ್ತಿಗೆ ಕೈ ಹಾಕಿ ಎಳೆದುಕೊಂಡ. "ಬಿಟ್ಬಿಡಿ ಸಾರ್, ಚಿಕ್ಕವ್ನು." ಬಿಟ್ಟೆ. ಮುಗಿದ ಆಟಕ್ಕೆ ಯಾಕೆ ಇನ್ನೊಂದು ಕಾರ್ಡು ಅನ್ನಿಸಿತು. ದೊಡ್ಡ ಮನಸ್ಸು ಮಾಡಿದೆ ಅಂತ ಒಳಗೊಳಗೇ ಹೆಮ್ಮೆಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಡ್ರೆಸ್ಸಿಂಗ್ ರೂಮಿನಲ್ಲಿ ಬೂಟಿನ ಲೇಸು ಬಿಚ್ಚುತ್ತಾ ನಮ್ಮ ಲೈನ್ಸ್‌ಮನ್ ತಲೆ ಎತ್ತದೆ ಕೇಳಿದ: "ಫಸ್ಟ್ ಹಾಫಲ್ಲಿ ಎದುರು ಟೀಮಿನ ಡಿಫೆಂಡರ್‌ಗೆ ಇದೇ ಮಾತಿಗೆ ಯೆಲ್ಲೋ ಕೊಟ್ರಲ್ಲ ಸಾರ್?"

ನಾನು ಒದ್ದೆ ಸಾಕ್ಸು ಹಿಂಡುತ್ತಾ ಕೂತೆ.