ಅಟ್ಟದ ಮೇಲಿನ ಸಿಡಿಗಳು

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯ ಬಾಲ್ಕನಿಯಲ್ಲಿ ನಾಲ್ಕು ಸಿಡಿ ನೇತಾಡುತ್ತಿವೆ. ಪಾರಿವಾಳ ಬರದಿರಲಿ ಅಂತ ಮೂರು ವರ್ಷದ ಹಿಂದೆ ನನ್ನ ಹೆಂಡತಿ ದಾರದಲ್ಲಿ ಕಟ್ಟಿದ್ದು. ಬೆಂಗಳೂರಿನ ಬೀದಿಗಳಲ್ಲಿ ತಲೆ ಎತ್ತಿ ನಡೆದರೆ ಈ ತೋರಣ ನಿಮಗೂ ಕಂಡಿರುತ್ತದೆ. ಪಾರಿವಾಳಗಳು ಮೊದಲ ವಾರ ಸ್ವಲ್ಪ ಮರ್ಯಾದೆ ಕೊಟ್ಟವು. ಈಗ ಪಕ್ಕದಲ್ಲೇ ಕೂತು ಅದರಲ್ಲಿ ಮುಖ ನೋಡಿಕೊಳ್ಳುತ್ತವೆ.

ಮೊನ್ನೆ ಬಟ್ಟೆ ಒಣಗಿಹಾಕುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನಾಲ್ಕರಲ್ಲಿ ಎರಡು ವಿಸಿಡಿ, ಅಂದರೆ ಸಿನಿಮಾ ತುಂಬಿದ ಮಾಮೂಲಿ ಸಿಡಿ; ಇನ್ನೆರಡು ಡಿವಿಡಿ. ಕಟ್ಟಿದ ದಿನ ನಾಲ್ಕೂ ಒಂದೇ ಥರ ಹೊಳೆಯುತ್ತಿದ್ದವು. ಈಗ ವಿಸಿಡಿಗಳು ಬರೀ ಗಾಜಿನಂಥ ಬಿಲ್ಲೆಗಳು. ಚಿತ್ರದ ಹೆಸರು, ನಾಯಕನ ಮುಖ, ಬೆಳ್ಳಿಯ ಹೊಳಪು, ಎಲ್ಲ ಹಕ್ಕಳೆ ಎದ್ದು ಉದುರಿಹೋಗಿ, ಎದುರು ಮನೆಯ ನೀರಿನ ಟ್ಯಾಂಕು ಅದರೊಳಗಿಂದ ಕಾಣುತ್ತದೆ. ಡಿವಿಡಿಗಳು ಇನ್ನೂ ಹೊಳೆಯುತ್ತಿವೆ. ಆದರೆ ಅಂಚಿನುದ್ದಕ್ಕೂ, ಕಾಫಿ ಲೋಟ ಇಟ್ಟು ತೆಗೆದ ಗುರುತಿನ ಹಾಗೆ ಒಂದು ಕಂದು ಬಳೆ ಮೂಡಿದೆ.

ನಾನು ಹನುಮಂತನಗರದಲ್ಲಿ ಇಪ್ಪತ್ತೊಂದು ವರ್ಷ ವಿಡಿಯೊ ಲೈಬ್ರರಿ ನಡೆಸಿದವನು. ಕ್ಯಾಸೆಟ್ಟಿನಿಂದ ಶುರುವಾಗಿ, ವಿಸಿಡಿ, ಡಿವಿಡಿ ದಾಟಿ, 2012ರಲ್ಲಿ ಬಾಗಿಲು ಹಾಕಿದೆ. ದಿನಕ್ಕೆ ಹತ್ತು ರೂಪಾಯಿ ಬಾಡಿಗೆ, ಹೊಸ ಚಿತ್ರಕ್ಕೆ ಹದಿನೈದು. ಅಂಗಡಿಯಲ್ಲಿದ್ದದ್ದೆಲ್ಲ ಒರಿಜಿನಲ್ಲೇ ಅಂತ ಆಕಾಶವಾಣಿಯಲ್ಲಿ ಕೂತು ಎದೆ ತಟ್ಟಿ ಹೇಳಲಾರೆ, ಆ ಮಾತು ಬಿಡಿ. ಮುಚ್ಚಿದ ದಿನ ಉಳಿದದ್ದನ್ನೆಲ್ಲ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಅಟ್ಟಕ್ಕೆ ಹಾಕಿದೆ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತದೆ, ಟೇಪು ಸಿಕ್ಕಿಹಾಕಿಕೊಳ್ಳುತ್ತದೆ, ಸಿಡಿಗೆ ಏನಾಗುತ್ತೆ, ಅದು ಚಿರಾಯು ಅಂತ ನನ್ನ ಲೆಕ್ಕ. ಕಂಪನಿಯವರೂ ಹಾಗೆಯೇ ಹೇಳಿ ಮಾರಿದ್ದರು. ಬಾಲ್ಕನಿ ನೋಡಿದ ಮೇಲೆ ಏಣಿ ಹಾಕಿ ಹತ್ತಿದೆ.

ಅಟ್ಟದಲ್ಲಿ ಏನಿತ್ತು ಅನ್ನುವ ಮುಂಚೆ ಈ ಬಿಲ್ಲೆಯ ಹೊಟ್ಟೆಯೊಳಗೆ ಏನಿದೆ ಅಂತ ಹೇಳಬೇಕು. ಸಿಡಿಯ ಅಗಲ 12 ಸೆಂಟಿಮೀಟರು, ದಪ್ಪ 1.2 ಮಿಲಿಮೀಟರು. ಬಹುಪಾಲು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು. ಅದರ ಒಂದು ಮುಖದ ಮೇಲೆ ಕಣ್ಣಿಗೆ ಕಾಣದ ಕುಳಿಗಳು, ಒಳಗಿನಿಂದ ಹೊರಕ್ಕೆ ಚಕ್ಕುಲಿಯಂತೆ ಸುತ್ತಿಕೊಂಡು ಹೋಗುವ ಒಂದೇ ಒಂದು ಸಾಲು. ಬಿಚ್ಚಿ ನೇರ ಮಾಡಿದರೆ ಸುಮಾರು 5 ಕಿಲೋಮೀಟರು ಉದ್ದ, ಹೆಚ್ಚುಕಮ್ಮಿ ಮೆಜೆಸ್ಟಿಕ್‌ನಿಂದ ಗಾಂಧಿ ಬಜಾರಿಗೆ ಬಂದಂತೆ. ಆ ಕುಳಿಗಳ ಮೇಲೆ ಅಲ್ಯೂಮಿನಿಯಂ ಲೇಪ. ಕೂದಲೆಳೆಯೊಂದನ್ನು ಸಾವಿರ ಪದರ ಬಿಡಿಸಿದರೆ ಒಂದು ಪದರ ಎಷ್ಟಿದ್ದೀತೋ, ಅಷ್ಟು ತೆಳು. ಅದರ ಮೇಲೆ ಮೆರುಗೆಣ್ಣೆಯ ಒಂದು ಪೊರೆ. ಅದರ ಮೇಲೆ ಚಿತ್ರದ ಹೆಸರು. ಲೇಸರ್ ಬೆಳಕು ಕೆಳಗಿನಿಂದ ಪ್ಲಾಸ್ಟಿಕ್ ದಾಟಿ ಹೋಗಿ, ಲೋಹಕ್ಕೆ ಬಡಿದು ವಾಪಸ್ ಬಂದರೆ ಚಿತ್ರ. ಬರಲಿಲ್ಲವೆಂದರೆ 'ನೋ ಡಿಸ್ಕ್'.

ನಮ್ಮ ಗಿರಾಕಿಗಳೆಲ್ಲ ಹೊಳೆಯುವ ಮುಖಕ್ಕೆ ಗೀರು ಬೀಳಬಾರದು ಅಂತ ಬರಹದ ಮುಖ ಕೆಳಗೆ ಮಾಡಿ ಟಿವಿ ಸ್ಟ್ಯಾಂಡಿನ ಮೇಲೆ ಇಡುತ್ತಿದ್ದರು. ನಾನೂ ಹಾಗೇ ಹೇಳಿಕೊಡುತ್ತಿದ್ದೆ. ಎಂಥ ತಪ್ಪು! ಹೊಳೆಯುವ ಕಡೆ ಒಂದು ಮಿಲಿಮೀಟರಿಗೂ ಹೆಚ್ಚು ಪ್ಲಾಸ್ಟಿಕ್ಕಿನ ಕೋಟೆ ಇದೆ. ಸಣ್ಣ ಗೀರಾದರೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೂ ಪಾಲಿಶ್ ಆಗಿ ಹೋಗುತ್ತದೆ. ಬರಹದ ಕಡೆ ಇರುವುದು ಮೆರುಗೆಣ್ಣೆಯ ಪೊರೆ ಮಾತ್ರ. ಅಲ್ಲಿ ಪಿನ್ನಿನಿಂದ ಗೀಚಿದರೆ ಸಿನಿಮಾನೇ ಕಿತ್ತು ಬರುತ್ತದೆ. ಬಾಲ್ಕನಿಯ ವಿಸಿಡಿಗೆ ಆದದ್ದು ಇದೇ. ಬಿಸಿಲು ಮಳೆಗೆ ಪೊರೆ ಹೋಯಿತು, ಪೊರೆಯ ಹಿಂದೆ ಲೋಹ ಹೋಯಿತು.

ಡಿವಿಡಿಯ ಕಟ್ಟಡ ಬೇರೆ. ಅರ್ಧ ದಪ್ಪದ, ಅಂದರೆ 0.6 ಮಿಲಿಮೀಟರಿನ ಎರಡು ಬಿಲ್ಲೆಗಳನ್ನು ಅಂಟಿಸಿ ಮಾಡಿದ್ದು. ಲೋಹ ಇರುವುದು ನಡುವೆ, ಹೋಳಿಗೆಯೊಳಗೆ ಹೂರಣ ಇದ್ದಂತೆ. ಮೇಲಿನಿಂದ ಗೀಚಿದರೆ ಅಷ್ಟು ಸುಲಭಕ್ಕೆ ಏನೂ ಆಗುವುದಿಲ್ಲ. ಆದರೆ ಈಗ ಅದರ ಆಯುಸ್ಸು ಅಂಟಿನ ಕೈಯಲ್ಲಿ. ಅಂಟು ಅಂಚಿನಲ್ಲಿ ಬಿಟ್ಟುಕೊಂಡರೆ ಗಾಳಿ, ತೇವ ಒಳಗೆ ಹೋಗುತ್ತವೆ. ಅಲ್ಯೂಮಿನಿಯಂ ಆಕ್ಸೈಡ್ ಆದರೆ ಬೆಳಕನ್ನು ತಿರುಗಿ ಕಳಿಸುವುದಿಲ್ಲ. ಕನ್ನಡಿಯ ಹಿಂದಿನ ರಸ ಹೋದ ಹಾಗೆ. ಹೀಗೆ ಆಗುವುದಕ್ಕೆ ಇಂಗ್ಲಿಷಿನವರು ಡಿಸ್ಕ್ ರಾಟ್ ಅನ್ನುತ್ತಾರೆ, ಕೊಳೆತ ಅಂತ. ನಮ್ಮ ಅಂಗಡಿಯ ಹುಡುಗ 'ಗೆದ್ದಲು' ಅನ್ನುತ್ತಿದ್ದ. ನನಗೆ ಅವನ ಮಾತೇ ಸರಿ ಅನ್ನಿಸುತ್ತದೆ. ಹೊರಗೆ ಬಾಗಿಲು ಬಾಗಿಲ ಹಾಗೇ ಇರುತ್ತದೆ, ತಳ್ಳಿದಾಗಲೇ ಗೊತ್ತಾಗುವುದು.

ಲೋಹಕ್ಕೆ ಬರುವ ರೋಗ ಇದೊಂದೇ ಅಲ್ಲ. 1988ರಿಂದ 1993ರ ನಡುವೆ ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ ತಯಾರಾದ ಆಡಿಯೊ ಸಿಡಿಗಳು ಅಂಚಿನಿಂದ ಕಂಚಿನ ಬಣ್ಣಕ್ಕೆ ತಿರುಗಿದ್ದವು. ಅವುಗಳ ಲೇಪದಲ್ಲಿ ಬೆಳ್ಳಿ ಇತ್ತು, ಮೇಲಿನ ಮೆರುಗೆಣ್ಣೆ ಅಷ್ಟು ಗಟ್ಟಿ ಇರಲಿಲ್ಲ, ಜೊತೆಗಿಟ್ಟ ಕಾಗದದಿಂದ ಹೊರಟ ಗಂಧಕ ಒಳಗೆ ಇಳಿಯಿತು. ದೇವರ ಮನೆಯ ಬೆಳ್ಳಿ ದೀಪ ಕಪ್ಪಾಗುವುದೂ ಗಂಧಕದಿಂದಲೇ. ದೀಪವನ್ನಾದರೆ ವಿಭೂತಿ ಹಾಕಿ ಉಜ್ಜಬಹುದು. ಇನ್ನೊಂದು ವಿಚಿತ್ರವಿದೆ. 2001ರಲ್ಲಿ ಮಧ್ಯ ಅಮೆರಿಕದ ಬೆಲೀಜ್ ದೇಶದ ಒಂದು ಸಿಡಿಯಲ್ಲಿ ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಎರಡನ್ನೂ ಕೊರೆಯುತ್ತಿದ್ದ ಶಿಲೀಂಧ್ರ ಪತ್ತೆಯಾಯಿತು. ಅದು ಅಲ್ಲಿನ ಬಿಸಿ, ತೇವದ ಹವೆಯ ಪ್ರಸಾದ. ನಮ್ಮೂರಲ್ಲಿ ಅಷ್ಟಿಲ್ಲ, ಹೆದರಬೇಡಿ.

ಸರಿ, ಕೊಳೆತ ಶುರುವಾದರೆ ಮೊದಲೇ ಗೊತ್ತಾಗಬೇಕಲ್ಲ? ಗೊತ್ತಾಗುವುದಿಲ್ಲ, ಮೋಸ ಇರುವುದೇ ಇಲ್ಲಿ. ಸಿಡಿ ಮಾಡಿದ ಬುದ್ಧಿವಂತರು ಕುಳಿಗಳ ಜೊತೆಗೆ ಒಂದಿಷ್ಟು ಹೆಚ್ಚುವರಿ ಅಂಕಿಗಳನ್ನೂ ಬರೆದಿಟ್ಟಿರುತ್ತಾರೆ. 1960ರಲ್ಲಿ ರೀಡ್ ಮತ್ತು ಸಾಲೊಮನ್ ಎಂಬ ಇಬ್ಬರು ಗಣಿತಜ್ಞರು ಕಂಡುಹಿಡಿದ ಲೆಕ್ಕ. ಶಾಲೆಯಲ್ಲಿ ಬಿಟ್ಟ ಸ್ಥಳ ತುಂಬಿರಿ ಅಂತ ಕೊಡುತ್ತಿದ್ದರಲ್ಲ, ಹಾಗೆ ಪ್ಲೇಯರ್ರು ಬಿಟ್ಟುಹೋದ ಅಂಕಿಗಳನ್ನು ತಾನೇ ತುಂಬಿಕೊಳ್ಳುತ್ತದೆ. ಒಂದು ಸಿಡಿಯಲ್ಲಿ ಸಾಲಿನುದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರು ಪೂರ್ತಿ ಅಳಿಸಿಹೋಗಿದ್ದರೂ ನಿಮಗೆ ಏನೂ ಆಗಿಲ್ಲ ಅನ್ನಿಸುತ್ತದೆ.

ಮನೆಯ ಸಂಪು ನೆನಪಿಸಿಕೊಳ್ಳಿ. ಕಾವೇರಿ ನೀರು ನಿಂತು ನಾಲ್ಕು ದಿನ ಆಗಿರುತ್ತದೆ, ಸಂಪಿನಲ್ಲಿ ನೀರಿರುವ ತನಕ ಅಡುಗೆಮನೆಯ ನಲ್ಲಿ ಸುಳಿವು ಕೊಡುವುದಿಲ್ಲ. ಐದನೇ ದಿನ ತಲೆಗೆ ಸೋಪು ಹಾಕಿಕೊಂಡಾಗ ಗೊರ್ ಅನ್ನುತ್ತದೆ. ಸಿಡಿಯೂ ಹಾಗೇ. ಲೋಹ ಕಲೆಗಟ್ಟುತ್ತಾ ಬಂದಿರುತ್ತದೆ, ಪ್ಲೇಯರ್ರು ವರ್ಷಗಟ್ಟಲೆ ತೇಪೆ ಹಾಕುತ್ತಾ ನಡೆಸುತ್ತದೆ, ತೇಪೆ ಸಾಲದಾದ ದಿನ ಪರದೆಯ ತುಂಬ ಚೌಕ ಚೌಕ. 'ನಿನ್ನೆವರೆಗೂ ಚೆನ್ನಾಗಿತ್ತು ಅಣ್ಣ' ಅಂತ ಗಿರಾಕಿಗಳು ಹೇಳಿದಾಗಲೆಲ್ಲ ನಾನು ನಂಬುತ್ತಿರಲಿಲ್ಲ, ಐವತ್ತು ರೂಪಾಯಿ ಡೆಪಾಸಿಟ್ಟಿನಲ್ಲಿ ಮುರಿದುಕೊಳ್ಳುತ್ತಿದ್ದೆ. ಅವರಲ್ಲಿ ಕೆಲವರಾದರೂ ನಿಜ ಹೇಳಿದ್ದರು ಅಂತ ಈಗ ಅನ್ನಿಸುತ್ತದೆ.

ಇನ್ನೊಂದು ದೂರು ಅಂಗಡಿಯಲ್ಲಿ ದಿನಾ ಕೇಳುತ್ತಿದ್ದೆ: ಕ್ಲೈಮ್ಯಾಕ್ಸ್‌ನಲ್ಲೇ ಸ್ಟಕ್ ಆಗುತ್ತೆ. ನಾಯಕ ಸರಪಳಿ ಕಿತ್ತುಕೊಂಡ, ಖಳನಾಯಕ ಓಡಿದ, ಅಲ್ಲಿಗೆ ನಿಂತಿತು. ಇದಕ್ಕೂ ಕಾರಣ ಇದೆ. ಬರವಣಿಗೆ ಒಳಗಿನ ರಂಧ್ರದ ಹತ್ತಿರ ಶುರುವಾಗಿ ಹೊರ ಅಂಚಿನ ಕಡೆ ಹೋಗುತ್ತದೆ. ಕೈ ತಾಗುವುದು, ತೇವ ನುಗ್ಗುವುದು, ಅಂಟು ಬಿಡುವುದು ಎಲ್ಲ ಅಂಚಿನಲ್ಲೇ. ಎರಡು ಪದರದ ಡಿವಿಡಿಗಳದ್ದು ಮತ್ತೂ ತಮಾಷೆ. ಅವುಗಳಲ್ಲಿ ಸಾಮಾನ್ಯವಾಗಿ ಮೊದಲ ಪದರ ಒಳಗಿನಿಂದ ಹೊರಕ್ಕೆ ಓದಿಕೊಂಡು ಹೋಗಿ, ಎರಡನೆಯದು ಹೊರಗಿನಿಂದ ಒಳಕ್ಕೆ ವಾಪಸ್ ಬರುತ್ತದೆ. ಹಾಗಾಗಿ ಅಂಚಿನಲ್ಲಿ ಸಿಗುವುದು ಚಿತ್ರದ ನಡುಭಾಗ. ಅವು ಇಂಟರ್ವಲ್ ಆಸುಪಾಸಿನಲ್ಲಿ ಸಾಯುತ್ತವೆ.

ಇದೆಲ್ಲ ಗಾಂಧಿನಗರದ ಗಲ್ಲಿಯ ಅಗ್ಗದ ಮಾಲಿನ ಹಣೆಬರಹ ಅಂದುಕೊಳ್ಳಬೇಡಿ. ಹಾಲಿವುಡ್ಡಿನ ವಾರ್ನರ್ ಬ್ರದರ್ಸ್ ಸಂಸ್ಥೆ 2006ರಿಂದ 2008ರವರೆಗೆ ತಯಾರಾದ ತನ್ನ ಕೆಲವು ಡಿವಿಡಿಗಳಲ್ಲಿ ದೋಷ ಇರುವುದನ್ನು 2025ರಲ್ಲಿ ಒಪ್ಪಿಕೊಂಡಿತು. ಪೆಟ್ಟಿಗೆ ಒಡೆಯದೆ ಜೋಪಾನವಾಗಿ ಇಟ್ಟಿದ್ದವರ ಡಿಸ್ಕುಗಳೂ ಕೆಟ್ಟಿದ್ದವು. ಸಾಧ್ಯವಾದ ಕಡೆ ಅದೇ ಚಿತ್ರದ ಬೇರೆ ಪ್ರತಿ, ಇಲ್ಲವಾದರೆ ಅದೇ ಬೆಲೆಯ ಬೇರೆ ಚಿತ್ರ ಕೊಡುತ್ತೇವೆ ಅಂದರು. ಬೇರೆ ಚಿತ್ರ ಕೊಟ್ಟರೆ ಸರಿಹೋಯಿತೇ? ನಮ್ಮ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ', ಇವತ್ತು ನೋಡುತ್ತೇನೆಂದರೆ ಒಂದು ಪ್ರತಿ ಸಿಗುವುದಿಲ್ಲ. ಅದಕ್ಕೆ ಬದಲು ಯಾವುದನ್ನು ಕೊಟ್ಟು ಸಮಾಧಾನ ಮಾಡುತ್ತೀರಿ?

ಈಗ ಅಟ್ಟಕ್ಕೆ ಬರೋಣ. ಮೇಲೆ ಶೀಟಿನ ಚಾವಣಿ, ಏಪ್ರಿಲ್ ಮಧ್ಯಾಹ್ನ ಕೈ ಇಟ್ಟರೆ ಹಂಚಿನ ಕಾವು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2003ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ಸಿಡಿ, ಡಿವಿಡಿ ಇಡಬೇಕಾದ್ದು 4ರಿಂದ 20 ಡಿಗ್ರಿ ಉಷ್ಣತೆಯಲ್ಲಿ, ಶೇಕಡಾ 20ರಿಂದ 50ರ ತೇವಾಂಶದಲ್ಲಿ. ಬೆಂಗಳೂರು ತಂಪು ಊರು ಅನ್ನುವುದು ನಮ್ಮ ಜಂಬ. ಮಳೆಗಾಲದ ಬೆಳಗ್ಗೆ ಇಲ್ಲಿ ಉಪ್ಪಿನ ಡಬ್ಬಿ ನೀರೊಡೆಯುತ್ತದೆ. ಒಂದೊಂದೇ ತೆಗೆದು ಟ್ಯೂಬ್‌ಲೈಟಿಗೆ ಹಿಡಿದೆ. ಕೆಲವು ತಳತಳ. ಕೆಲವುದರಲ್ಲಿ ಸೂಜಿ ಚುಚ್ಚಿದಂತೆ ಬೆಳಕಿನ ಚುಕ್ಕೆಗಳು. ಒಂದೆರಡು ಚುಕ್ಕೆ ಹೊಸ ಸಿಡಿಯಲ್ಲೂ ಇರುತ್ತವೆ, ಅದಕ್ಕೆ ಗಾಬರಿ ಬೇಡ. ಒಂದು ಡಿವಿಡಿಯಲ್ಲಿ ಮಾತ್ರ ಆಕಾಶಗಂಗೆಯೇ ಕಂಡಿತು.

ಆದರೆ ಅವು ಸಿನಿಮಾ. ಎಲ್ಲೋ ಒಂದು ಕಡೆ ಇನ್ನೊಂದು ಪ್ರತಿ ಇದ್ದೀತು. ನನಗೆ ನಿಜಕ್ಕೂ ಹೊಟ್ಟೆ ತಳಮಳಿಸುವುದು ಮನೆಯಲ್ಲಿ ಬರೆದ ಡಿಸ್ಕುಗಳ ವಿಷಯದಲ್ಲಿ. ಮದುವೆ, ಉಪನಯನ, ಗೃಹಪ್ರವೇಶದವು. ಕಾರ್ಖಾನೆಯ ಡಿಸ್ಕಿನಲ್ಲಿ ಕುಳಿಗಳನ್ನು ಅಚ್ಚೊತ್ತಿರುತ್ತಾರೆ. ಸ್ಟುಡಿಯೋದವರು ಬರೆದುಕೊಟ್ಟದ್ದರಲ್ಲಿ ಕುಳಿಯೇ ಇಲ್ಲ, ಇರುವುದು ಬಣ್ಣ. ಲೇಸರಿನಿಂದ ಆ ಬಣ್ಣವನ್ನು ಸುಟ್ಟು ಗುರುತು ಮಾಡಿರುತ್ತಾರೆ. ಅಡಿಭಾಗ ನೇರಳೆ ಹಣ್ಣಿನ ಬಣ್ಣ ಅಥವಾ ಹಸಿರು ನೀಲಿ ಕಂಡರೆ ಅದು ಇದೇ ಜಾತಿ. ಬಿಸಿಲಿಗೆ ಇಟ್ಟ ಯಾವ ಬಣ್ಣ ಉಳಿದಿದೆ ಹೇಳಿ? ಸಾಲದ್ದಕ್ಕೆ ಮೇಲೆ ವಧೂವರರ ಫೋಟೊ ಇರುವ ಸ್ಟಿಕ್ಕರ್ ಬೇರೆ. ಆ ಕಾಗದ ಎಳೆದುಕೊಂಡು ಡಿಸ್ಕು ಸೊಟ್ಟಗಾಗುತ್ತದೆ. ಕೀಳಲು ಹೋದರೆ ಪದರವೇ ಎದ್ದು ಬರುತ್ತದೆ. ಅಂಟಿದ್ದರೆ ಅಂಟಿರಲಿ, ಮುಟ್ಟಬೇಡಿ.

ಕಳೆದ ತಿಂಗಳು ನಮ್ಮ ಹಳೆಯ ಗಿರಾಕಿಯೊಬ್ಬರ ಮಗಳು ಮನೆ ಹುಡುಕಿಕೊಂಡು ಬಂದಳು. ಕೈಯಲ್ಲಿ 2005ರ ಮದುವೆ ಡಿವಿಡಿ. 'ಅಂಕಲ್, ಪ್ಲೇ ಆಗ್ತಿಲ್ಲ. ಕೊನೇಲಿ ನಮ್ಮಜ್ಜಿ ಹಸೆ ಹಾಡು ಹೇಳಿದಾರೆ, ಅದೊಂದು ಸಿಕ್ಕಿದ್ರೆ ಸಾಕು' ಅಂದಳು. ಆ ಹಾಡನ್ನು ಯಾರೂ ಬರೆದಿಟ್ಟಿಲ್ಲವಂತೆ. ಅಜ್ಜಿ ಈಗಿಲ್ಲ. ಗಂಡ ಡಿಸ್ಕನ್ನು ಪಂಚೆಯಲ್ಲಿ ಸುತ್ತಲೂ ಒರೆಸಿದ್ದ, ಅದರ ಗೀರುಗಳು ಬಳೆಬಳೆಯಾಗಿ ಕಾಣುತ್ತಿದ್ದವು. ಒರೆಸುವುದಾದರೆ ನಡುವಿನಿಂದ ಅಂಚಿಗೆ ನೇರ ಒರೆಸಬೇಕು. ಅಡ್ಡ ಗೀರನ್ನು ಪ್ಲೇಯರ್ರು ದಾಟಿಕೊಳ್ಳುತ್ತದೆ. ಸುತ್ತು ಗೀರು ಸಾಲಿನ ಜೊತೆಯಲ್ಲೇ ಓಡುತ್ತದೆ, ಅದನ್ನು ತುಂಬಿಕೊಳ್ಳಲು ಆಗುವುದಿಲ್ಲ.

ಒದ್ದೆ ಹತ್ತಿ ಬಟ್ಟೆಯಲ್ಲಿ ಒರೆಸಿ, ಆರಿಸಿ, ಮಗನ ಹಳೆಯ ಕಂಪ್ಯೂಟರಿಗೆ ಹಾಕಿದೆ. ಇಂಥ ಕೆಲಸಕ್ಕೆ ಡಿಡಿರೆಸ್ಕ್ಯೂ ಅಂತ ಒಂದು ಪ್ರೋಗ್ರಾಮ್ ಇದೆ, ದುಡ್ಡು ಕೊಡಬೇಕಿಲ್ಲ. ಚೆನ್ನಾಗಿರುವ ಜಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಮತ್ತೆ ಮತ್ತೆ ಬರುತ್ತದೆ. ರಾತ್ರಿಯೆಲ್ಲ ಡ್ರೈವು ಕಟಕಟ ಅಂದಿತು. ಬೆಳಗ್ಗೆ ನೋಡಿದರೆ ಆರತಕ್ಷತೆ ಪೂರ್ತಿ ಬಂದಿದೆ, ಕಾಶಿಯಾತ್ರೆಯ ಛತ್ರಿ ಬಂದಿದೆ, ಧಾರೆ ಬಂದಿದೆ. ಹಸೆಯ ಮೇಲೆ ಕೂರಿಸುತ್ತಾರೆ, ಅಜ್ಜಿ ಸೆರಗು ಸರಿಮಾಡಿಕೊಂಡು ಕೆಮ್ಮುತ್ತಾರೆ. ಅಲ್ಲಿಗೆ ಚೌಕ ಚೌಕ.

ಒಂದು ಡ್ರೈವಿಗೆ ಓದಲಾಗದ್ದು ಇನ್ನೊಂದಕ್ಕೆ ಓದಲು ಬರುವುದುಂಟು, ಪ್ರತಿ ಲೇಸರಿನ ಕಣ್ಣೂ ಬೇರೆ ಬೇರೆ. ಪಕ್ಕದ ಮನೆಯ ಲ್ಯಾಪ್‌ಟಾಪಿನದು ತಂದು ಹಾಕಿದೆ. ಅದು ಎರಡು ಸಾಲು ಕೊಟ್ಟಿತು. ಅಜ್ಜಿಯ ಶ್ರುತಿ ಸ್ವಲ್ಪ ಮೇಲೆ, ಹಿಂದೆ ಯಾರೋ ಮಗುವನ್ನು ಗದರುತ್ತಿದ್ದಾರೆ, ಎರಡನೇ ಸಾಲಿನ ಕೊನೆಯ ಮಾತು ಅರ್ಧ. ಹುಡುಗಿಗೆ ಫೋನಿನಲ್ಲಿ ಕೇಳಿಸಿದೆ. 'ಇನ್ನೊಂದ್ಸಲ ಹಾಕಿ ಅಂಕಲ್' ಅಂದಳು, ಹಾಕಿದೆ.

ಈ ಶನಿವಾರ ಎಸ್.ಪಿ. ರೋಡಿಗೆ ಹೋಗುತ್ತಿದ್ದೇನೆ. ಹಳೆಯ ಡಿವಿಡಿ ರೈಟರುಗಳನ್ನು ಗುಜರಿಗೆ ಹಾಕದೆ ಇಟ್ಟುಕೊಂಡಿರುವವರು ಅಲ್ಲಿ ಇನ್ನೂ ಒಬ್ಬಿಬ್ಬರು ಇದ್ದಾರಂತೆ. ಮೂರು ಬೇರೆ ಬೇರೆ ತರಬೇಕು ಅಂತಿದ್ದೇನೆ.

ನಮಸ್ಕಾರ.