ಐನ್‌ಮನೆಗೆ ಲೈಟ್ ಹಾಕೋಣ ಬನ್ನಿ

ಬ್ಲೆಂಡರ್, ಅದೇ 3ಡಿ ಚಿತ್ರ ಮಾಡುವ ಸಾಫ್ಟ್‌ವೇರ್, ಓಪನ್ ಆಯಿತು. ಐನ್‌ಮನೆ ಅಂದರೆ ಕೊಡವರ ಹಿರಿಯರ ಮನೆ, ಅದರ ಕೈಯಾಲೆ (ಜಗಲಿ), ಐಮರ (ಕಂಬಗಳ ನಡುವೆ ಕೂರುವ ಹಲಗೆ) ಎಲ್ಲ ಕಳೆದ ವಿಡಿಯೋದಲ್ಲೇ ಮುಗಿದಿದೆ, ಇವತ್ತು ಬರೀ ಲೈಟ್. ಪಾಯಿಂಟ್, ಸನ್, ಸ್ಪಾಟ್, ಏರಿಯಾ, ಇರುವುದೇ ನಾಲ್ಕು. ನನ್ನ ಕೇಳಿದರೆ ಅಗಲ ಫಲಕದಿಂದ ಬೆಳಕು ಬೀರುವ ಏರಿಯಾ ಒಂದೇ ಸಾಕು, ಉಳಿದದ್ದೆಲ್ಲ ಸುಮ್ನೆ.

ಈ ಸನ್ ನೋಡಿ, ವಿಚಿತ್ರ. ಎಲ್ಲಿಟ್ಟರೂ ಒಂದೇ, ಬೇಕಾದರೆ ನೆಲದ ಕೆಳಗೆ ಇಡಿ, ಬಿಸಿಲು ಹಾಗೇ ಬೀಳುತ್ತದೆ. ತಿರುಗಿಸಿದರೆ ಮಾತ್ರ ನೆರಳು ಸರಿಯುತ್ತದೆ. ಕೆಳಗೆ ಆಂಗಲ್ ಅಂತ ಇದೆಯಲ್ಲ, ಅದು ಮೊದಲಿಗೆ ಸುಮಾರು ಅರ್ಧ ಡಿಗ್ರಿ ಇರುತ್ತದೆ, ನಿಜವಾದ ಸೂರ್ಯ ಆಕಾಶದಲ್ಲಿ ಕಾಣುವಷ್ಟೇ ಅಗಲ. ಆದರೆ ಮಡಿಕೇರಿಯ ಜುಲೈಯಲ್ಲಿ ಸೂರ್ಯ ಎಲ್ಲಿ ಕಾಣುತ್ತಾನೆ? ಹಾಗಾಗಿ 60ಕ್ಕೆ ಏರಿಸಿದೆ. ಕಂಬದ ನೆರಳು ಕರಗಿಯೇ ಹೋಯಿತು, ಥೇಟ್ ಮೋಡದ ದಿನ.

ಅಗೋ, ಸ್ಕ್ರೀನ್ ಕಪ್ಪು. ಇದು ಎಫೆಕ್ಟ್ ಅಲ್ಲ, ಕರೆಂಟ್ ಹೋಗಿದ್ದು. ಸಿಲ್ವರ್ ಓಕ್ ಕೊಂಬೆ ಎಲ್ಲೋ ಲೈನ್ ಮೇಲೆ ಬಿದ್ದಿರಬೇಕು. ಯುಪಿಎಸ್ ಇದೆ, ಬ್ಯಾಟರಿ ಸತ್ತಿದೆ.    ಹೊಸದು ತಂದರೂ ಗ್ರಾಫಿಕ್ಸ್ ಕಾರ್ಡ್ ಓಡುವಾಗ ಹತ್ತು ನಿಮಿಷ ತಡೆದರೆ ಪುಣ್ಯ. ನಾನಂತೂ ತರಲ್ಲ. ಹೀಗೆ ಕರೆಂಟ್ ಹೋಗುತ್ತದೆ ಅಂತಲೇ ನಾನು ರೆಂಡರನ್ನು, ಅಂದರೆ ಕೊನೆಗೆ ಹೊರಬರುವ ಚಿತ್ರವನ್ನು, ನೇರ ವಿಡಿಯೋ ಫೈಲ್ ಮಾಡುವುದೇ ಇಲ್ಲ, ಪಿಎನ್‌ಜಿ ಫ್ರೇಮ್‌ಗಳಾಗಿ, ಒಂದೊಂದೇ ಚಿತ್ರವಾಗಿ ಇಳಿಸುತ್ತೇನೆ. ಓವರ್‌ರೈಟ್ ಟಿಕ್ ತೆಗೆದಿದ್ದರೆ ಆಗಿರುವ ಫ್ರೇಮ್ ಬಿಟ್ಟು ಮುಂದಿನದ್ದರಿಂದ ಶುರುವಾಗುತ್ತದೆ.

ಬ್ಯಾಟರಿ ತರಲ್ಲ ಅಂದಿದ್ದೆ, ಆದರೂ ನಾಳೆ ಹೋಗಿ ತಂದೇಬಿಡುತ್ತೇನೆ ಬಿಡಿ, ಸಾಕಾಯಿತು.

ಕರೆಂಟ್ ಬಂತು. ಅಯ್ಯೋ, ನೆಲ್ಲಕ್ಕಿ ನಡುಬಾಡೆಗೆ, ಅಂದರೆ ಮನೆಯ ನಡುವಿನ ಹಜಾರಕ್ಕೆ, ಬಂದುಬಿಟ್ಟೆವು. ಇಲ್ಲಿನ ತೂಕ್‌ಬೊಳ್ಚಕ್ಕೆ, ಅದೇ ತೂಗುದೀಪಕ್ಕೆ, ಒಂದೇ ಜಾಗದಿಂದ ಸುತ್ತಲೂ ಬೆಳಕು ಬೀರುವ ಪಾಯಿಂಟ್ ಲೈಟೇ ಬೇಕು. ಹೌದು, ಏರಿಯಾ ಸಾಕು ಅಂದಿದ್ದೆ, ದೀಪಕ್ಕೆ ಅದು ಆಗಲ್ಲ. ಹೊಸ ಫೈಲಿನಲ್ಲಿ ಬರುವ ಲೈಟ್ 1000 ವ್ಯಾಟ್ ಅಂತ ಗಾಬರಿಯಾಗಬೇಡಿ, ಅದು ಬಲ್ಬ್ ಎಳೆಯುವ ಕರೆಂಟ್ ಲೆಕ್ಕ ಅಲ್ಲ, ಹೊರಗೆ ಬರುವ ಬೆಳಕಿನ ಲೆಕ್ಕ. ತುಂಬಾ ಇಳಿಸಿ, ಬಣ್ಣ ಸ್ವಲ್ಪ ಕಿತ್ತಳೆ ಮಾಡಿ. ರೇಡಿಯಸ್ ಚಿಕ್ಕದಿದ್ದರೆ ಸರಪಳಿಯ ನೆರಳು ಗೋಡೆ ಮೇಲೆ ಗೆರೆ ಎಳೆದ ಹಾಗೆ ಬೀಳುತ್ತದೆ, ನನಗೆ ಅದೇ ಇಷ್ಟ.

ಬೇಗ ಒಂದು ಮಾತು. ಲೈಟಿಗೆ ಹೆಸರಿಡಿ, "ಪಾಯಿಂಟ್.007" ಅಂದರೆ ಯಾರಿಗೆ ಗೊತ್ತಾಗುತ್ತದೆ? ಹಗಲಿನದ್ದು, ರಾತ್ರಿಯದ್ದು ಬೇರೆ ಬೇರೆ ಕಲೆಕ್ಷನ್‌ನಲ್ಲಿ, ಅಂದರೆ ಗುಂಪಿನಲ್ಲಿ, ಹಾಕಿ. ಕಣ್ಣಿನ ಚಿಹ್ನೆ ಆಫ್ ಮಾಡಿದರೆ ವ್ಯೂಪೋರ್ಟಿನಲ್ಲಿ, ಅಂದರೆ ಕೆಲಸ ಮಾಡುವ ಕಿಟಕಿಯಲ್ಲಿ, ಮಾತ್ರ ಮಾಯ, ರೆಂಡರಿನಲ್ಲಿ ಉರಿಯುತ್ತಲೇ ಇರುತ್ತದೆ. ಪಕ್ಕದ ಕ್ಯಾಮೆರಾ ಚಿಹ್ನೆಯನ್ನೂ ಆಫ್ ಮಾಡಬೇಕು. ಸರಿ, ರೆಂಡರ್ ಶುರುಮಾಡಲು ಎಫ್12 ಒತ್ತಿದೆ, ಇದು ಆಗುವಷ್ಟರಲ್ಲಿ ಕಾಫಿ ಕುಡಿದು ಬರುತ್ತೇನೆ.