7 ಲೀಟರ್ ಇಂಜಿನ್ ಕೂರುತ್ತದೆ, 5 ಲೀಟರ್ ಕೂರುವುದಿಲ್ಲ: ಅದು ಹೇಗೆ?

[ಟೇಬಲ್ ಮೇಲೆ ಒಂದು ರಟ್ಟಿನ ಡಬ್ಬಿ, ಪಕ್ಕದಲ್ಲಿ ಅಳತೆ ಟೇಪ್]

ನಮಸ್ಕಾರ. ವೀಕ್ಷಕರೊಬ್ಬರು ಕೇಳಿದ್ದಾರೆ: "ನನ್ನದು ಚಿಕ್ಕ ಕಾರು. ಬಾನೆಟ್ ಒಳಗೆ ಜಾಗ ಕಮ್ಮಿ. 7 ಲೀಟರ್ ವಿ8 ಆಸೆ ಬಿಟ್ಟು 5 ಲೀಟರ್‌ದು ಹಾಕಿದರೆ ಆರಾಮಾಗಿ ಕೂರುತ್ತೆ ಅಲ್ವಾ?"

ವಿ8 ಅಂದರೆ ಎಂಟು ಸಿಲಿಂಡರ್ 'ವಿ' ಆಕಾರದಲ್ಲಿ ಎರಡು ಸಾಲಾಗಿ ನಿಂತ ಇಂಜಿನ್. ಪ್ರಶ್ನೆ ಕೇಳೋಕೆ ಸರಿಯಾಗಿಯೇ ಇದೆ. ಆದರೆ ಉತ್ತರ ಉಲ್ಟಾ. ಎಷ್ಟು ಉಲ್ಟಾ ಅಂದರೆ, ಎರಡು ದಿನ ನಾನು ಬೇರೆ ಕೆಲಸವನ್ನೇ ಮಾಡಲಿಲ್ಲ.

ಇಂಜಿನ್ ಸ್ವಾಪ್ ಅಂದರೆ ಏನು ಅಂತ ನಿಮಗೆ ಗೊತ್ತು. ಒಂದು ಕಾರಿನ ಇಂಜಿನ್ ಬಿಚ್ಚಿ ಇನ್ನೊಂದಕ್ಕೆ ಕೂರಿಸುವುದು. ಎಲ್ಲಿಂದ ಬಿಚ್ಚುತ್ತೀರೋ ಅದು ಡೋನರ್. ಅಷ್ಟೇ, ಮುಂದೆ ಹೋಗೋಣ.

[ತೆರೆಯ ಮೇಲೆ ಎರಡು ವಿ8 ಇಂಜಿನ್, ಎದುರಿನಿಂದ ಕಂಡಂತೆ]

ಎಡಗಡೆ ಇರುವುದು ಫೋರ್ಡ್ ಕೊಯೋಟಿ. 2011ರ ಮಸ್ಟ್ಯಾಂಗ್ ಜೊತೆ ಬಂದದ್ದು, 5.0 ಲೀಟರ್. ಬಲಗಡೆ ಜಿಎಂ ಕಂಪನಿಯ ಎಲ್‌ಎಸ್ ಬಳಗದ ಎಲ್‌ಎಸ್7. 2006ರ ಕಾರ್ವೆಟ್ ಝೆಡ್06 ಕಾರಿನದು, 7.0 ಲೀಟರ್, 505 ಹಾರ್ಸ್‌ಪವರ್. ಯಾವುದು ಅಗಲ ಹೇಳಿ?

ಕೊಯೋಟಿ. ನೋಡಿದರೇ ಗೊತ್ತಾಗುತ್ತದೆ.

ಲೀಟರ್ ಅನ್ನುವುದು ಪಿಸ್ಟನ್ ಓಡಾಡುವ ಜಾಗದ ಲೆಕ್ಕ. ಹೊರಗಿನ ಮೈಕಟ್ಟಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಮೈಕಟ್ಟು ನಿಂತಿರುವುದು ಕ್ಯಾಮ್‌ಶಾಫ್ಟ್ ಎಲ್ಲಿದೆ ಅನ್ನುವುದರ ಮೇಲೆ. ವಾಲ್ವ್‌ಗಳನ್ನು, ಅಂದರೆ ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ಬಾಗಿಲುಗಳನ್ನು, ತೆರೆದು ಮುಚ್ಚಿಸುವ ದಂಡ ಅದು. ಕೊಯೋಟಿಯಲ್ಲಿ ನಾಲ್ಕು ಕ್ಯಾಮ್‌ಶಾಫ್ಟ್, ಪ್ರತಿ ಹೆಡ್ ಮೇಲೂ, ಅಂದರೆ ಸಿಲಿಂಡರ್ ಸಾಲಿನ ಮುಚ್ಚಳದ ಮೇಲೂ, ಎರಡೆರಡು. ಹಾಗಾಗಿ ಹೆಡ್‌ಗಳೇ ದಪ್ಪ. ಎಲ್‌ಎಸ್7ನಲ್ಲಿ ಇರುವುದು ಒಂದೇ ಒಂದು. ಅದೂ ಕೆಳಗೆ, ಬ್ಲಾಕ್ ಒಳಗೆ, ಅಂದರೆ ಇಂಜಿನ್‌ನ ಮುಖ್ಯ ಒಡಲಿನೊಳಗೆ, 'ವಿ' ಅಕ್ಷರದ ಸಂದಿಯಲ್ಲಿ. ಅಲ್ಲಿಂದ ಸಣ್ಣ ಕಡ್ಡಿಗಳು, ಅಂದರೆ ಪುಷ್‌ರಾಡ್‌ಗಳು, ಮೇಲಿನ ವಾಲ್ವ್‌ಗಳನ್ನು ಆಡಿಸುತ್ತವೆ.

ತುಂಬಿದ ಬಸ್ಸಿಗೆ ಇಬ್ಬರು ಹತ್ತುತ್ತಾರೆ ಅಂದುಕೊಳ್ಳಿ. ಒಬ್ಬ ಸಣಕಲ, ಆದರೆ ಕೊಡೆ ಬಿಡಿಸಿ ತಲೆ ಮೇಲೆ ಹಿಡಿದಿದ್ದಾನೆ. ಇನ್ನೊಬ್ಬ ಧಡಿಯ, ಆದರೆ ಕೊಡೆ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದಾನೆ. ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುವವನು ಯಾರು? ಸಣಕಲನೇ. ಕೊಯೋಟಿ ಬಿಡಿಸಿದ ಕೊಡೆ. ಎಲ್‌ಎಸ್ ಕಂಕುಳಲ್ಲಿ ಇಟ್ಟ ಕೊಡೆ. 'ವಿ' ಸಂದಿಯೇ ಕಂಕುಳು, ನೋಡಿ ಎಷ್ಟು ಚೆನ್ನಾಗಿ ಹೊಂದುತ್ತದೆ! ಈ ಹೋಲಿಕೆ ಹೊಳೆದಾಗ ರಾತ್ರಿ ಒಂದು ಗಂಟೆ, ಮನೆಯಲ್ಲಿ ಹೇಳಲು ಯಾರೂ ಎದ್ದಿರಲಿಲ್ಲ.

"ಪುಷ್‌ರಾಡ್ ಹಳೇ ಕಾಲದ್ದು ಸಾರ್" ಅಂತ ಮೂಗು ಮುರಿಯುವವರು ಇದ್ದಾರೆ. ಇರಲಿ. 2011ರ ಕೊಯೋಟಿಯ ರೆಡ್‌ಲೈನ್, ಅಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತಿನವರೆಗೆ ತಿರುಗಬಹುದು ಅನ್ನುವ ಮಿತಿ, 7,000. ಎಲ್‌ಎಸ್7ನದೂ 7,000. ಅದಕ್ಕಾಗಿ ಕನೆಕ್ಟಿಂಗ್ ರಾಡ್, ಇನ್‌ಟೇಕ್ ವಾಲ್ವ್ ಎಲ್ಲ ಟೈಟಾನಿಯಂನಲ್ಲಿ ಮಾಡಿದ್ದಾರೆ ಅನ್ನುವುದು ಬೇರೆ ಮಾತು.

ಇನ್ನೊಂದು ಮಜಾ ಇದೆ. 1997ರಲ್ಲಿ ಬಂದ 5.7 ಲೀಟರ್‌ನ ಎಲ್‌ಎಸ್1, ಮತ್ತು ಈ 7 ಲೀಟರ್‌ನ ಎಲ್‌ಎಸ್7. ಎರಡರಲ್ಲೂ ಒಂದು ಸಿಲಿಂಡರ್ ನಡುವಿನಿಂದ ಪಕ್ಕದ ಸಿಲಿಂಡರ್ ನಡುವಿಗೆ 111.76 ಮಿಲಿಮೀಟರ್. ಬ್ಲಾಕ್ ಹೊರಗಿನಿಂದ ಹೆಚ್ಚುಕಮ್ಮಿ ಒಂದೇ ಅಳತೆ. ಹಾಗಾಗಿ ಒಂದಕ್ಕೆ ಮಾಡಿಸಿದ ಮೌಂಟ್, ಅಂದರೆ ಇಂಜಿನ್ ಹಿಡಿದು ಕೂರಿಸುವ ಆಸರೆ, ಇನ್ನೊಂದಕ್ಕೂ ಆಗುತ್ತದೆ. ಸ್ವಾಪ್ ಮಾಡುವವರು ಎಲ್‌ಎಸ್ ಎಲ್‌ಎಸ್ ಅಂತ ಜಪ ಮಾಡುವುದು ಸುಮ್ನೆ ಅಲ್ಲ.

ಆದರೆ ಬ್ಲಾಕ್ ಒಂದೇ ಇದ್ದರೂ ಅದರ ಮೇಲೆ ಕೆಳಗೆ ಇರುವುದು ಒಂದೇ ಅಲ್ಲ. ಇಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಅಗ್ಗಕ್ಕೆ ಸಿಕ್ಕಿತು ಅಂತ ಪಿಕಪ್ ಟ್ರಕ್‌ನಿಂದ ಬಿಚ್ಚಿದ ಎಲ್‌ಎಸ್ ಬಳಗದ ಇಂಜಿನ್ ತಂದೆ. ಅಗಲ ಅಳೆದಿದ್ದೆ, ಉದ್ದ ಅಳೆದಿದ್ದೆ. ಇಳಿಸಿದಾಗ ಆಯಿಲ್ ಸಂಪ್, ಅಂದರೆ ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ, ಹೋಗಿ ಕ್ರಾಸ್‌ಮೆಂಬರ್ ಮೇಲೆ, ಅಂದರೆ ಕಾರಿನ ಅಡ್ಡ ತೊಲೆಯ ಮೇಲೆ, ಕುಳಿತಿತು. ಸಂಪ್ ಉಳಿಸೋಣ ಅಂತ ಇಂಜಿನ್ ಎತ್ತಿದರೆ ಇನ್‌ಟೇಕ್ ಮ್ಯಾನಿಫೋಲ್ಡ್, ಅಂದರೆ ಇಂಜಿನ್‌ಗೆ ಗಾಳಿ ಹಂಚುವ ಕೊಳವೆಗಳ ಗುಂಪು, ಬಾನೆಟ್‌ಗೆ ತಾಗಿತು. ನಾಲ್ಕು ಬೆರಳು ಸಂದಿ ಬಿಟ್ಟುಕೊಂಡು ಬಾನೆಟ್ ನನ್ನನ್ನೇ ನೋಡುತ್ತಿತ್ತು. ಟ್ರಕ್‌ನಲ್ಲಿ ಜಾಗ ಬೇಕಾದಷ್ಟಿರುತ್ತದೆ, ಸಂಪ್ ಆಳ ಇರುತ್ತದೆ, ಇನ್‌ಟೇಕ್ ಎತ್ತರ ಇರುತ್ತದೆ. ಕೊನೆಗೆ ಎರಡನ್ನೂ ಬದಲಾಯಿಸಿದೆ. ಅಗ್ಗದ ಇಂಜಿನ್ ಅಗ್ಗವಾಗಿ ಉಳಿಯಲಿಲ್ಲ.

[ರಟ್ಟಿನ ಡಬ್ಬಿ ಕೈಗೆತ್ತಿಕೊಂಡು]

ಅದಕ್ಕೇ ಈ ಡಬ್ಬಿ. ಡೋನರ್ ಇಂಜಿನ್ ನೋಡಲು ಹೋದಾಗ ಸಂಪ್ ಎಲ್ಲಿದೆ, ಮುಂದಾ, ಹಿಂದಾ, ಎಷ್ಟು ಆಳ, ಅದನ್ನು ಬರೆದುಕೊಳ್ಳಿ. ಎಕ್ಸಾಸ್ಟ್ ಎಷ್ಟು ಹೊರಗೆ ಚಾಚಿದೆ ನೋಡಿ, ಏಕೆಂದರೆ ಅಲ್ಲೇ ನಿಮ್ಮ ಸ್ಟೀರಿಂಗ್ ಶಾಫ್ಟ್ ಹೋಗಬೇಕು. ಆಮೇಲೆ ಅದೇ ಅಳತೆಗೆ ರಟ್ಟು ಕತ್ತರಿಸಿ ನಿಮ್ಮ ಕಾರಿನ ಒಳಗೆ ಇಟ್ಟು ನೋಡಿ. ಟೊಯೋಟಾದ 2ಜೆಝೆಡ್ ಥರದ್ದಾದರೆ ಅಗಲದ ಚಿಂತೆ ಕಮ್ಮಿ. ಆರು ಸಿಲಿಂಡರ್ ಒಂದೇ ಸಾಲಿನಲ್ಲಿ ನಿಂತಿರುವುದರಿಂದ ಉದ್ದದ್ದೇ ತಲೆನೋವು, ರೇಡಿಯೇಟರ್‌ಗೆ ಜಾಗ ಉಳಿಯುತ್ತಾ ನೋಡಬೇಕು.

ಈಗ ವೈರಿಂಗ್. ಒಳ್ಳೆಯ ಇಂಜಿನ್ ಸಿಕ್ಕಿತು ಅಂತ ಹೋದರೆ, ಗುಜರಿಯವರು ವೈರಿಂಗ್ ಅನ್ನು ಪ್ಲಗ್‌ನಿಂದ ಒಂದು ಗೇಣು ಬಿಟ್ಟು ಕತ್ತರಿಸಿ ಹಾಕಿರುತ್ತಾರೆ. ಬಣ್ಣಬಣ್ಣದ ಹತ್ತಾರು ತುಂಡು ತಂತಿ, ಯಾವುದು ಯಾವುದಕ್ಕೆ ಅಂತ ದೇವರಿಗೇ ಗೊತ್ತು. ಹೊಸ ಇಂಜಿನ್ ಆದರಂತೂ ಅದರ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಹಳೆಯ ಮನೆಯವರನ್ನೆಲ್ಲ ಹುಡುಕುತ್ತದೆ: ಕೀಲಿಯೊಳಗಿನ ಚಿಪ್, ಆಕ್ಸಿಲರೇಟರ್ ಪೆಡಲ್, ಗೇರ್‌ಬಾಕ್ಸ್, ಎಬಿಎಸ್. ಕೀಲಿ ಸಿಗದಿದ್ದರೆ ಇಂಜಿನ್ ಸ್ಟಾರ್ಟೇ ಆಗುವುದಿಲ್ಲ. ನನ್ನ ಮಾತು ಕೇಳುವುದಾದರೆ ಬರೀ ಇಂಜಿನ್ ತಗೋಬೇಡಿ, ಹಿಂದಿನಿಂದ ಗುದ್ದಿಸಿಕೊಂಡ ಇಡೀ ಕಾರು ತಗೊಳ್ಳಿ. ಇಂಜಿನ್ ಓಡುವುದನ್ನು ಕಿವಿಯಾರೆ ಕೇಳಬಹುದು, ಪೆಡಲ್‌ನಿಂದ ಕೀಲಿವರೆಗೆ ಎಲ್ಲ ಸಿಗುತ್ತದೆ, ಮಿಕ್ಕದ್ದನ್ನು ಮಾರಬಹುದು.

ಅಯ್ಯೋ, ಟೈಮ್ ಆಯಿತು. ಉಳಿದದ್ದು ಒಂದೇ ಉಸಿರಿಗೆ. ಸ್ಟಾರ್ಟ್ ಆಗದ ಇಂಜಿನ್ ಆದರೆ ಕಂಪ್ರೆಷನ್ ಟೆಸ್ಟ್ ಮಾಡಿ, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹುಟ್ಟಿಸುತ್ತದೆ ಅಳೆಯಿರಿ, ಒಂದು ಸಿಲಿಂಡರ್ ಮಾತ್ರ ತೀರಾ ಕಮ್ಮಿ ತೋರಿಸಿದರೆ ಬಿಟ್ಟು ಬನ್ನಿ. ಆಯಿಲ್ ಕ್ಯಾಪ್ ತೆಗೆದಾಗ ಹಾಲು ಬೆರೆಸಿದ ಹಾಗೆ ಕಂಡರೆ ಒಳಗೆ ನೀರು ಸೇರಿದೆ. ಗೇರ್‌ಬಾಕ್ಸ್ ಜೊತೆಗೇ ತಗೊಳ್ಳಿ. ಹೋಂಡಾದ ಹಳೆಯ ಬಿ ಸೀರೀಸ್ ಇಂಜಿನ್ ಮಿಕ್ಕವಕ್ಕಿಂತ ಉಲ್ಟಾ ತಿರುಗುತ್ತದೆ, ಆಮೇಲೆ ಬಂದ ಕೆ ಸೀರೀಸ್ ನೇರ ತಿರುಗುತ್ತದೆ, ಹಳೇ ಗೇರ್‌ಬಾಕ್ಸ್ ಉಳಿಸಿಕೊಳ್ಳುತ್ತೇನೆ ಅಂದರೆ ಆಗಲ್ಲ. ಬ್ರೇಕ್, ರೇಡಿಯೇಟರ್ ಎರಡೂ ಹೊಸ ಇಂಜಿನ್‌ಗೆ ಸಾಲಬೇಕು. ಕಾನೂನು ಒಂದೊಂದು ಕಡೆ ಒಂದೊಂದು ಥರ. ಕ್ಯಾಲಿಫೋರ್ನಿಯಾದಲ್ಲಿ ಡೋನರ್ ಇಂಜಿನ್ ನಿಮ್ಮ ಕಾರಿನ ವರ್ಷದ್ದು ಅಥವಾ ಅದಕ್ಕಿಂತ ಹೊಸದು ಇರಬೇಕು, ಹೊಗೆ ತಡೆಯುವ ಸಾಮಾನೆಲ್ಲ ಜೊತೆಗೆ ಬರಬೇಕು. ನಿಮ್ಮ ಕಡೆ ಏನು ಅಂತ ದುಡ್ಡು ಕೊಡುವ ಮುಂಚೆ ಕೇಳಿ.

ಪ್ರಶ್ನೆ ಕೇಳಿದವರಿಗೆ: ನಿಮ್ಮ ಕಾರಿನಲ್ಲಿ ಸ್ಟೀರಿಂಗ್ ಶಾಫ್ಟ್‌ನಿಂದ ಎದುರು ಬದಿಯ ಗೋಡೆಗೆ ಎಷ್ಟು, ಕ್ರಾಸ್‌ಮೆಂಬರ್‌ನಿಂದ ಬಾನೆಟ್‌ಗೆ ಎಷ್ಟು, ಈ ಎರಡು ಅಳತೆ ಕಳಿಸಿ. ಡಬ್ಬಿ ನಾನೇ ಕತ್ತರಿಸುತ್ತೇನೆ.